ಹೊಲದ ಕಾಗದದಲ್ಲಿ ಮನೆತನದ ಚರಿತ್ರೆ

ವರ್ಷಕ್ಕೊಮ್ಮೆ ಉತ್ಸವದ ನಿಮಿತ್ತ ಬಸದಿಯ ಅಂಗಳದಲ್ಲಿ ಸೇರುವ ಶ್ರಾವಕ ಕುಟುಂಬಗಳಲ್ಲಿ ಮನೆಮಾತು ಕನ್ನಡವಾಗಿರುವವರುಂಟು, ಮರಾಠಿಯಾಗಿರುವವರುಂಟು. ತುಳು, ಮಲಯಾಳ, ತಮಿಳುಗಳನ್ನಾಡುವವರೂ ಉಂಟು. ಅಭಿಷೇಕ, ಪೂಜೆಗಳು ಮುಗಿದು ಪಂಕ್ತಿಯಲ್ಲಿ ಕುಳಿತಾಗ ಹಿರಿಯರು ಪರಸ್ಪರ ಕೇಳುವ ಮೊದಲ ಪ್ರಶ್ನೆ ಮಾತ್ರ ಒಂದೇ: “ನಿಮ್ಮ ಮೂಲ ಊರು ಯಾವುದು?” ಅಜ್ಜನ ತಲೆಮಾರಿನವರೆಗೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಮುತ್ತಜ್ಜನ ಹೆಸರಿಗೆ ಬರುವಷ್ಟರಲ್ಲಿ ನೆನಪು ಮಸುಕಾಗುತ್ತದೆ. ಆತನ ಸಹೋದರಿಯರನ್ನು ಯಾವ ಊರಿಗೆ ಕೊಡಲಾಗಿತ್ತೆಂಬುದನ್ನು ಬಲ್ಲವರಂತೂ ವಿರಳ.

ನೆನಪು ನಿಂತ ಸ್ಥಳದಿಂದ ಮುಂದಕ್ಕೆ ದಾರಿ ತೋರಬಲ್ಲ ಸಾಧನಗಳಲ್ಲಿ ಭೂಮಿಯ ದಾಖಲೆಗಳು ಮುಖ್ಯವಾದವು. ಅವು ಮನೆತನದ ಕೀರ್ತಿಗಾಗಿ ಬರೆದವುಗಳಲ್ಲ. ಕಂದಾಯ ವಸೂಲಿಗಾಗಿ ಬರೆದವು. ಆದುದರಿಂದಲೇ ಅವುಗಳಲ್ಲಿ ಹೊಗಳಿಕೆಯಿಲ್ಲ. ಯಾರು ಉಳುತ್ತಿದ್ದರು, ಯಾರು ತೀರಿಕೊಂಡರು, ಯಾರ ಹೆಸರು ಬಂದಿತು, ಯಾರ ಹೆಸರು ಹೋಯಿತು ಎಂಬಷ್ಟೇ ಇರುತ್ತದೆ. ಚರಿತ್ರೆಗೆ ಬೇಕಾದುದೂ ಅದೇ.

ಕಲ್ಲಿನ ಮೇಲಿನ ದಾಖಲೆ

ಈ ನಾಡಿನಲ್ಲಿ ಭೂದಾಖಲೆಯ ಅತ್ಯಂತ ಹಳೆಯ ರೂಪ ದಾನಶಾಸನ. ಕೊಲ್ಲಾಪುರದ ಶಿಲಾಹಾರ ಅರಸ ವಿಜಯಾದಿತ್ಯನ ಕಾಲದ, ಶಕ ೧೦೬೫ರ (ಕ್ರಿ.ಶ. ೧೧೪೩) ಶಾಸನವೊಂದು ಜಿನಾಲಯಕ್ಕೆ ಬಿಟ್ಟ ಹೊಲವನ್ನೂ ವಾಸದ ಮನೆಯನ್ನೂ ದಾಖಲಿಸುತ್ತದೆ. ಹೊಲವನ್ನು ಕುಂಡಿ ದೇಶದ ಅಳತೆಗೋಲಿನಿಂದ ಅಳೆಯಲಾಯಿತೆಂಬುದನ್ನೂ ಹೇಳುತ್ತದೆ. ಕುಂಡಿಯೆಂದರೆ ಇಂದಿನ ಬೆಳಗಾವಿಯ ಸುತ್ತಲಿನ ನಾಡು. ಶಾಸನದ ಭಾಷೆ ಸಂಸ್ಕೃತ, ಲಿಪಿ ಕನ್ನಡ, ಅದು ಇರುವುದು ಇಂದಿನ ಮಹಾರಾಷ್ಟ್ರದಲ್ಲಿ. ಒಂದೇ ಕಲ್ಲಿನಲ್ಲಿ ಇಷ್ಟು ಸೀಮೆಗಳು ಕೂಡಿರುವುದು ಗಮನಾರ್ಹ.

ಆದರೆ ಶಾಸನವು ಅರಸ, ಆಚಾರ್ಯ, ದಾನಿ ಇವರ ಹೆಸರುಗಳನ್ನು ಹೇಳುತ್ತದೆಯೇ ಹೊರತು ಸಾಮಾನ್ಯ ಒಕ್ಕಲಿನ ವಂಶವನ್ನು ತಲೆಮಾರಿನಿಂದ ತಲೆಮಾರಿಗೆ ಹೇಳುವುದಿಲ್ಲ. ಊರಿನ ಬಸದಿಯ ಶಾಸನದಲ್ಲಿ ಬರುವ ಗಾವುಂಡನನ್ನು ತಮ್ಮ ಮೂಲಪುರುಷನೆಂದು ನೇರವಾಗಿ ಭಾವಿಸುವುದು ಅವಸರವಾದೀತು. ಆದುದರಿಂದ ಶೋಧನೆ ಹಿಂದಿನಿಂದ ಇಂದಿಗೆ ಬರಬಾರದು. ಇಂದಿನಿಂದ ಹಿಂದಕ್ಕೆ ಹೋಗಬೇಕು.

ಇಂದಿನಿಂದ ಹಿಂದಕ್ಕೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಆರಂಭಿಸಬೇಕಾದುದು ‘ಸಾತಬಾರಾ’ ಉತಾರದಿಂದ. ಗ್ರಾಮ ನಮೂನೆ ೭ ಮತ್ತು ೧೨ ಒಂದೇ ಕಾಗದದಲ್ಲಿ ಸೇರಿರುವುದರಿಂದ ಆ ಹೆಸರು. ಅದರಲ್ಲಿ ಖಾತೇದಾರನ ಹೆಸರಿನ ಬಳಿ ಸಣ್ಣ ಸಂಖ್ಯೆಗಳಿರುತ್ತವೆ. ಅವು ‘ಫೇರಫಾರ’, ಅಂದರೆ ಹಕ್ಕು ಬದಲಾವಣೆಯ ನೋಂದಣಿ ಸಂಖ್ಯೆಗಳು. ಉತಾರ ಹೇಳುವುದು ಇಂದಿನ ಸ್ಥಿತಿಯನ್ನು, ಚರಿತ್ರೆಯಿರುವುದು ಫೇರಫಾರದಲ್ಲಿ. ಖಾತೇದಾರನು ಮೃತನಾದ ದಿನ, ವಾರಸುದಾರರ ಹೆಸರು, ವಯಸ್ಸು, ಸಂಬಂಧ, ಹಿಸ್ಸೆಯ ವಿವರ ಇವೆಲ್ಲ ಅಲ್ಲಿ ದೊರೆಯುತ್ತವೆ. ಒಂದು ಸಂಖ್ಯೆಯಿಂದ ಅದರ ಹಿಂದಿನ ಸಂಖ್ಯೆಗೆ, ಅಲ್ಲಿಂದ ಮತ್ತೂ ಹಿಂದಕ್ಕೆ ಹೋದರೆ ಒಂದೊಂದು ತಲೆಮಾರು ತೆರೆದುಕೊಳ್ಳುತ್ತದೆ. ಮುಂಬಯಿ ಪ್ರಾಂತದಲ್ಲಿ ಹಕ್ಕುಗಳ ದಾಖಲೆಯ ಕಾಯಿದೆ ಬಂದುದು ೧೯೦೩ರಲ್ಲಿ. ಹೀಗಾಗಿ ಸುಮಾರು ನಾಲ್ಕು ತಲೆಮಾರುಗಳನ್ನು ಈ ದಾರಿಯಲ್ಲಿ ತಲುಪಬಹುದು.

ಇಲ್ಲಿ ಅನೇಕರು ದಾರಿ ತಪ್ಪುವ ಒಂದು ತಿರುವಿದೆ. ೧೯೪೭ರ ಕಾಯಿದೆಯಂತೆ ಚಿಕ್ಕ ತುಂಡುಗಳನ್ನು ಒಂದುಗೂಡಿಸಿದ ಮಹಾರಾಷ್ಟ್ರದ ಗ್ರಾಮಗಳಲ್ಲಿ ಹಳೆಯ ಸರ್ವೆ ನಂಬರುಗಳು ಹೋಗಿ ‘ಗಟ್’ ನಂಬರುಗಳು ಬಂದವು. ಅಜ್ಜನ ಕಾಗದದಲ್ಲಿರುವ ಸರ್ವೆ ನಂಬರನ್ನು ಇಂದಿನ ಗಟ್ ನಂಬರೆಂದು ತಿಳಿದು ಹುಡುಕಿದರೆ ಸಿಗುವುದು ಬೇರೆಯವರ ಹೊಲ. ಎರಡನ್ನೂ ಹೊಂದಿಸುವ ಏಕತ್ರೀಕರಣದ ತಖ್ತೆಯನ್ನು ಮೊದಲು ಪಡೆಯುವುದು ಅವಶ್ಯ.

ಸರ್ವೆ ನಂಬರಿನ ಮೂಲ ಇನ್ನೂ ಹಳೆಯದು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ೧೮೩೫ರ ಸುಮಾರಿಗೆ ಇಂದಾಪುರ ತಾಲೂಕಿನಲ್ಲಿ ಆರಂಭಿಸಿದ ಮೋಜಣಿಯ ಪದ್ಧತಿಯೇ ಮುಂದೆ ಮುಂಬಯಿ ಪ್ರಾಂತಕ್ಕೆಲ್ಲ ಮಾದರಿಯಾಯಿತು. ೩೩ ಅಡಿಯ ಸರಪಳಿ, ೧೨೧ ಚದರ ಗಜದ ಗುಂಟೆ, ೪೦ ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ಆ ಪದ್ಧತಿಯದೇ.

ಮೂರಕ್ಷರಗಳ ಹಿಂದೆ ಅಡಗಿದವರು

ಹಳೆಯ ಉತಾರಗಳಲ್ಲಿ ಹೆಸರಿನ ಮುಂದೆ ‘ಏ.ಕು.ಮ್ಯಾ.’ ಎಂದು ಕಾಣುವುದುಂಟು. ಏಕತ್ರ ಕುಟುಂಬದ ಮ್ಯಾನೇಜರ್ ಎಂದು ಅದರ ಅರ್ಥ. ಅಂಥ ಖಾತೆಯಲ್ಲಿ ಒಬ್ಬನೇ ಅಣ್ಣನ ಹೆಸರಿದ್ದರೂ ಭೂಮಿ ಎಲ್ಲ ಸಹೋದರರದಾಗಿರುತ್ತದೆ. ಉದ್ಯೋಗಕ್ಕಾಗಿ ಸೊಲ್ಲಾಪುರದ ಗಿರಣಿಗೋ ಕೊಲ್ಲಾಪುರದ ಪೇಟೆಗೋ ಹೋದ ತಮ್ಮನ ಹೆಸರು ಆ ಮೂರಕ್ಷರಗಳ ಹಿಂದೆ ಅಡಗಿರುತ್ತದೆ. ‘ಅ.ಪಾ.ಕ.’ ಎಂದರೆ ಅಜ್ಞಾನನ ಪಾಲನಕರ್ತ. ತಂದೆ ತೀರಿಕೊಂಡಾಗ ಮಗನಿನ್ನೂ ಬಾಲಕನಾಗಿದ್ದನೆಂಬುದಕ್ಕೆ ಅದೇ ಸಾಕ್ಷಿ. ಆ ಸ್ಥಾನದಲ್ಲಿ ಅನೇಕ ವೇಳೆ ತಾಯಿಯ ಹೆಸರಿರುತ್ತದೆ. ವಿಧವೆಯೊಬ್ಬಳು ಎಷ್ಟು ವರ್ಷ ಹೊಲ ಮನೆಗಳನ್ನು ನಡೆಸಿದಳೆಂಬುದನ್ನು ಎರಡು ನೋಂದಣಿಗಳ ನಡುವಿನ ಅಂತರದಿಂದ ಅಳೆಯಬಹುದು.

ಹೆಣ್ಣುಮಕ್ಕಳ ವಿಷಯ ಇನ್ನೂ ವಿಚಾರಾರ್ಹ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಅದಕ್ಕೆ ಹಿಂದಿನ ವಾರಸಾ ನೋಂದಣಿಗಳಲ್ಲಿ ಗಂಡುಮಕ್ಕಳಿರುವ ಮನೆಯ ಹೆಣ್ಣುಮಕ್ಕಳ ಹೆಸರು ಸಾಮಾನ್ಯವಾಗಿ ಕಾಣುವುದಿಲ್ಲ. ಅನಂತರದ ನೋಂದಣಿಗಳಲ್ಲಿ ಅವರ ಹೆಸರು ಬರತೊಡಗಿತು. ಆದರೆ ಬಹಳ ಕಡೆ ಅದರ ಹಿಂದೆಯೇ ‘ಹಕ್ಕಸೋಡ’ ಪತ್ರವೂ ಬಂದಿತು. ಸಹೋದರಿಯರು ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿ ಹಕ್ಕು ಬಿಟ್ಟುಕೊಟ್ಟರು. ಮುಂದಿನ ಉತಾರದಿಂದ ಅವರ ಹೆಸರು ಇಳಿದುಹೋಯಿತು. ಸಾತಬಾರಾ ಅವರನ್ನು ಮರೆಯಿತು, ಫೇರಫಾರ ಮರೆಯಲಿಲ್ಲ. ಅಲ್ಲಿ ಅವರ ಹೆಸರಿನೊಡನೆ ಗಂಡನ ಹೆಸರು, ಕೊಟ್ಟ ಊರು ಎರಡೂ ಉಳಿದಿರುತ್ತವೆ.

ಕನ್ನಡ ಮನೆಯ ಮಗಳು ಮರಾಠಿ ಮನೆಯ ಸೊಸೆಯಾದುದನ್ನು, ಎರಡು ತಲೆಮಾರುಗಳಲ್ಲಿ ಆ ಮನೆಗಳ ನಡುವೆ ಮಾತೇ ನಿಂತುಹೋದುದನ್ನು ಬೇರಾವ ಕಾಗದವೂ ಹೇಳುವುದಿಲ್ಲ. ಭಾಷೆಯ ಗಡಿಯಾಚೆಗಿರುವ ಬಂಧುಗಳನ್ನು ಮರಳಿ ಗುರುತಿಸಲು ಇರುವ ನಂಬಿಕಸ್ಥ ದಾರಿ ಅದೇ. ಬಿಟ್ಟುಕೊಟ್ಟ ಹಕ್ಕಿನ ಕಾಗದವೇ ಸಂಬಂಧದ ಸಾಕ್ಷಿಯಾಗಿ ಉಳಿದಿರುವುದು ಆಲೋಚನೆಗೆ ಹಚ್ಚುವ ಸಂಗತಿ.

ಸಂಸ್ಥಾನ, ವತನ ಮತ್ತು ಮೋಡಿ

ಅಕ್ಕಲಕೋಟೆ, ಜತ್ತ ಸಂಸ್ಥಾನಗಳು ೧೯೪೮ರಲ್ಲಿ, ಕೊಲ್ಲಾಪುರ ೧೯೪೯ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅದಕ್ಕೆ ಮೊದಲಿನ ಕಾಗದಗಳು ಆಯಾ ಸಂಸ್ಥಾನದ ದಫ್ತರಕ್ಕೆ ಸೇರಿದವು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾಗಗಳ ಇನಾಮುಗಳನ್ನು ೧೮೫೨ರ ಕಾಯಿದೆಯಂತೆ ಇನಾಮ್ ಕಮಿಷನ್ ವಿಚಾರಣೆ ಮಾಡಿತು. ಪುಣೆಯ ಪುರಾಲೇಖಾಗಾರದಲ್ಲಿರುವ ಪೇಶ್ವೆ ದಫ್ತರ ಇನ್ನೂ ಹಿಂದಿನ ಕಾಲದ ಆಕರ.

ಈ ಸೀಮೆಯಲ್ಲಿ ಪಾಟೀಲಕಿ ನಡೆಸುತ್ತಿದ್ದ ಜೈನ ಮನೆತನಗಳು ಅನೇಕ. ವತನವು ವಂಶಪಾರಂಪರ್ಯವಾದುದರಿಂದ ಸರದಿ ಯಾರದೆಂಬುದನ್ನು ನಿರ್ಣಯಿಸಲು ವಂಶಾವಳಿ ಬೇಕಾಗುತ್ತಿತ್ತು. ಆದುದರಿಂದ ವತನದ ಕಡತಗಳಲ್ಲಿ ಇಡೀ ವಂಶವೃಕ್ಷವೇ ದೊರೆಯುವುದುಂಟು. ಪಾಟೀಲ, ಚೌಗುಲೆ ಮುಂತಾದವು ಅಧಿಕಾರದಿಂದ ಬಂದ ಅಡ್ಡಹೆಸರುಗಳು. ‘ಕರ’ ಎಂದು ಕೊನೆಗೊಳ್ಳುವವು ಪ್ರಾಯಶಃ ಊರಿನಿಂದ ಬಂದವು. ಊರಿನಲ್ಲಿದ್ದಾಗ ಪಾಟೀಲನೆನಿಸಿದವನ ಮಗ ಪರವೂರಿನಲ್ಲಿ ಊರಿನ ಹೆಸರಿನಿಂದ ಕರೆಯಲ್ಪಟ್ಟಿರಬಹುದು. ಅಡ್ಡಹೆಸರು ಬೇರೆಯಾದ ಮಾತ್ರಕ್ಕೆ ಮನೆತನ ಬೇರೆಯೆನ್ನಲಾಗದು. ಒಂದೇ ಆದ ಮಾತ್ರಕ್ಕೆ ಒಂದೇ ಎನ್ನಲೂ ಆಗದು.

ಈ ಕಾಗದಗಳಲ್ಲಿ ಬಹುಪಾಲು ಮೋಡಿ ಲಿಪಿಯಲ್ಲಿವೆ. ಮನೆಯಲ್ಲಿ ಕನ್ನಡವನ್ನಾಡಿದವರ ಹೊಲದ ಲೆಕ್ಕ ಮರಾಠಿಯಲ್ಲಿ, ಅದೂ ಇಂದು ಕೆಲವರಷ್ಟೇ ಓದಬಲ್ಲ ಅಕ್ಷರದಲ್ಲಿದೆ. ಕಾಗದ ಉಳಿದು ಓದುವವರು ಇಲ್ಲವಾದರೆ ಅದು ಕಾಗದ ಕಳೆದುದಕ್ಕೆ ಸಮಾನ. ಮೋಡಿಯನ್ನು ಕಲಿಯುವ ಒಬ್ಬಿಬ್ಬರು ತರುಣ ತರುಣಿಯರು ಪ್ರತಿಯೊಂದು ಊರಿನ ಸಮಾಜದಲ್ಲಿಯೂ ಸಿದ್ಧರಾಗಬೇಕಾದುದು ಇಂದಿನ ಅಗತ್ಯ.

ಕಡಲ ತೀರದ ಪರಿ

ಕಾಸರಗೋಡಿನ ಕುಟುಂಬಗಳದು ಇದಕ್ಕೆ ವಿಪರೀತವಾದ ಸ್ಥಿತಿ. ೧೯೫೬ರ ನವೆಂಬರ್ ೧ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದುದರಿಂದ ಹಳೆಯ ವರ್ಗ, ಮೂಲಗೇಣಿ, ಚಾಲಗೇಣಿಗಳ ಕಾಗದಗಳು ಕನ್ನಡದಲ್ಲಿವೆ. ಮಲಯಾಳದಲ್ಲಿ ಓದಿದ ಮೊಮ್ಮಕ್ಕಳಿಗೆ ಅವು ಅಪರಿಚಿತ. ಆ ಕಾಲದ ಕಡತಗಳನ್ನು ಅರಸುವವರು ಕಾಸರಗೋಡಿನೊಡನೆ ಮಂಗಳೂರಿನಲ್ಲಿಯೂ ವಿಚಾರಿಸಬೇಕಾಗುತ್ತದೆ. ವಯನಾಡು ಮದ್ರಾಸ್ ಪ್ರಾಂತದ ಮಲಬಾರ್ ಜಿಲ್ಲೆಯಲ್ಲಿದ್ದಿತು. ಅಲ್ಲಿನ ಕಲೆಕ್ಟರರ ದಾಖಲೆಗಳಿಗೆ ಕೋಝಿಕ್ಕೋಡಿನ ಪ್ರಾದೇಶಿಕ ಪುರಾಲೇಖಾಗಾರ ಮುಖ್ಯ ಸ್ಥಾನ.

ತುಳುನಾಡಿನ ಜೈನರಲ್ಲಿ ಇಂದ್ರರನ್ನುಳಿದು ಬಹುಮಂದಿ ಅಳಿಯಸಂತಾನದ ಕಟ್ಟಿಗೆ ಸೇರಿದವರು. ಅಲ್ಲಿ ವರ್ಗದ ಪಟ್ಟಿಯಲ್ಲಿ ಯಜಮಾನನ ಹೆಸರಿದ್ದರೂ ವಂಶ ಸಾಗುವುದು ಆತನ ಸಹೋದರಿಯಿಂದ. ಒಂದು ಹೆಸರಿನ ಅನಂತರ ಬರುವ ಹೆಸರನ್ನು ಮಗನೆಂದು ಬರೆದುಕೊಂಡರೆ ಇಡೀ ವಂಶವೃಕ್ಷವೇ ತಪ್ಪಾಗುತ್ತದೆ. ಆತ ಅಳಿಯನಾಗಿರುವ ಸಂಭವವೇ ಹೆಚ್ಚು. ಇಂಥ ಮನೆತನಗಳ ಪಾಲುಪಟ್ಟಿಗಳಲ್ಲಿ ಕವರುಗಳು ತಾಯಂದಿರ ಹೆಸರಿನಿಂದಲೇ ಗುರುತಾಗುತ್ತವೆ. ಕೇರಳದಲ್ಲಿ ೧೯೭೫ರ ಕಾಯಿದೆ ೧೯೭೬ರ ಡಿಸೆಂಬರ್ ೧ರಿಂದ ಜಾರಿಗೆ ಬಂದು ಅವಿಭಕ್ತ ಕುಟುಂಬ ಪದ್ಧತಿಯನ್ನು ಕೊನೆಗೊಳಿಸಿತು.

ಕಾಲದ ಲೆಕ್ಕ

ಹಳೆಯ ಕಾಗದಗಳಲ್ಲಿ ಇಸವಿಯೇ ಇರುವುದಿಲ್ಲ. ಶಕವರ್ಷಕ್ಕೆ ೭೮ನ್ನು, ಫಸಲಿಗೆ ೫೯೦ನ್ನು ಕೂಡಿಸಿದರೆ ಇಸವಿ ಸಿಗುತ್ತದೆ. ಫಸಲಿ ೧೩೧೦ ಎಂದರೆ ೧೯೦೦-೦೧. ಮರಾಠಾ ಕಾಲದ ಪತ್ರಗಳಲ್ಲಿ ಸುಹೂರ ಸನವನ್ನು ಅರಬ್ಬೀ ಸಂಖ್ಯಾವಾಚಕಗಳಲ್ಲಿ ಬರೆಯುತ್ತಿದ್ದರು. ‘ಸಿತ್ತೈನ್ ಮಯಾ ವ ಅಲಫ್’ ಎಂದರೆ ಅರವತ್ತು, ನೂರು ಮತ್ತು ಸಾವಿರ, ಅಂದರೆ ೧೧೬೦. ಅದಕ್ಕೆ ೫೯೯ನ್ನು ಕೂಡಿಸಿದರೆ ೧೭೫೯-೬೦ ಆಗುತ್ತದೆ.

ಎಚ್ಚರದ ಮಾತು

ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹಲವರಿರುತ್ತಿದ್ದರು. ತಂದೆಯ ಹೆಸರು, ಸರ್ವೆ ನಂಬರು, ಚತುಃಸೀಮೆಯ ನೆರೆಯವರು ಈ ಮೂರೂ ಹೊಂದಿದಾಗ ಮಾತ್ರ ಗುರುತನ್ನು ನಿಶ್ಚಯಿಸಬೇಕು. ಊಹೆಯನ್ನು ಊಹೆಯೆಂದೇ ಬರೆದಿಡಬೇಕು.

ಇನ್ನೊಂದು ವಿಷಯವನ್ನು ಸ್ಪಷ್ಟಪಡಿಸುವುದು ಯುಕ್ತ. ಮಹಾರಾಷ್ಟ್ರದ ಈ ಭಾಗದಲ್ಲಿ ೧೯೫೭ರ ಏಪ್ರಿಲ್ ೧ರ ‘ಕೃಷಿಕ ದಿನ’ದಿಂದ, ಕೇರಳದಲ್ಲಿ ೧೯೭೦ರ ಜನವರಿ ೧ರಿಂದ ಉಳುವವರಿಗೆ ಭೂಮಿಯ ಒಡೆತನ ದೊರೆಯುವ ವ್ಯವಸ್ಥೆಯಾಯಿತು. ಹಳೆಯ ಕಾಗದದಲ್ಲಿ ಅಜ್ಜನ ಹೆಸರು ಕಂಡ ಕೂಡಲೇ ಆ ಭೂಮಿ ಇಂದಿಗೂ ತಮ್ಮದೆಂದು ತಿಳಿಯಬಾರದು. ಹಾಗೆ ಹೊರಟರೆ ಬೆವರು ಸುರಿಸಿ ಉಳುತ್ತಿರುವವನ ಮನೆಯಲ್ಲಿ ಅಶಾಂತಿ, ತಮ್ಮ ಮನೆಯಲ್ಲಿ ವ್ಯಾಜ್ಯ ಇವೆರಡೇ ಫಲ. ಅದೇ ಕಡತದಲ್ಲಿ ಆ ಒಕ್ಕಲಿನ ಅಜ್ಜನ ಹೆಸರೂ ಇರುತ್ತದೆ. ಆ ಮನೆತನಕ್ಕೂ ಅದು ಚರಿತ್ರೆಯೇ.

ಕುಟುಂಬಗಳು ಕೂಡಲೇ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಹಿರಿಯರು ಬಲ್ಲ ಹೆಸರುಗಳನ್ನು, ಕೊಟ್ಟ ತಂದ ಊರುಗಳೊಡನೆ, ಒಂದು ಪುಸ್ತಕದಲ್ಲಿ ಬರೆದಿಡಬೇಕು. ಪೆಟ್ಟಿಗೆಯಲ್ಲಿರುವ ಕಾಗದಗಳ ಛಾಯಾಚಿತ್ರ ತೆಗೆದು, ಮೂಲವನ್ನು ಒಣ ಅರಿವೆಯಲ್ಲಿ ಸುತ್ತಿಡಬೇಕು, ಲ್ಯಾಮಿನೇಟ್ ಮಾಡಿಸಬಾರದು. ಗಂಡುಮಕ್ಕಳ ಸಾಲಿನ ಪಕ್ಕದಲ್ಲಿಯೇ ಹೆಣ್ಣುಮಕ್ಕಳ ಸಾಲನ್ನೂ ಬರೆಯಬೇಕು.

ಪರಿಗ್ರಹವನ್ನು ಮಿತಗೊಳಿಸುವುದು ಶ್ರಾವಕನ ಅಣುವ್ರತಗಳಲ್ಲೊಂದು. ಹೊಲ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ, ನಂಬರು ಬದಲಾಗುತ್ತದೆ, ಜಿಲ್ಲೆ ಬದಲಾಗುತ್ತದೆ, ಕಾಗದದ ಭಾಷೆಯೂ ಬದಲಾಗುತ್ತದೆ. ಭೂಮಿಯನ್ನು ಮರಳಿ ಬಯಸದೆ ಬಂಧುವನ್ನು ಮಾತ್ರ ಅರಸುವವನಿಗೆ ಆ ಕಾಗದ ಕೊಡುವ ಉತ್ತರ ಸಾಲದೆ ಹೋಗದು. ಮುಂದಿನ ಉತ್ಸವದ ಪಂಕ್ತಿಯಲ್ಲಿ “ನಿಮ್ಮ ಮೂಲ ಊರು ಯಾವುದು?” ಎಂಬ ಪ್ರಶ್ನೆ ಬಂದಾಗ, ಊರಿನ ಹೆಸರಿನೊಡನೆ ಆ ಊರಿನಿಂದ ಹೊರಟ ಹೆಣ್ಣುಮಗಳೊಬ್ಬಳ ಹೆಸರನ್ನೂ ಹೇಳುವಂತಾದರೆ ಈ ಶ್ರಮ ಸಾರ್ಥಕ.