ಮನೆ ಮುಂದಿನ ರಸ್ತೆ ಅಪಾಯಕಾರಿಯೇ? ಟೇಪ್ ಹಿಡಿದು ಹೊರಡಿ

ಬೆಳಿಗ್ಗೆ ಎಂಟೂವರೆ. ಮೊಮ್ಮಗನ ಸ್ಕೂಲ್ ಬ್ಯಾಗನ್ನು ಹೆಗಲಿಗೇರಿಸಿಕೊಂಡ ಅಜ್ಜಿ, ನಮ್ಮ ಬಡಾವಣೆಯ ಮುಖ್ಯರಸ್ತೆಯಲ್ಲಿ ಫುಟ್‌ಪಾತ್‌ನಿಂದ ಕೆಳಗಿಳಿಯುತ್ತಾರೆ. ಎದುರಿಗೆ ಟ್ರಾನ್ಸ್‌ಫಾರ್ಮರ್, ಅದರ ಬುಡದಲ್ಲಿ ಮೇಲೆದ್ದ ಚಪ್ಪಡಿ. ಹುಡುಗನ ಕೈ ಬಿಗಿಯಾಗಿ ಹಿಡಿದು ಎರಡು ಮಾರು ದೂರ ಬಸ್ಸುಗಳ ಪಕ್ಕದಲ್ಲೇ ನಡೆದು ಮತ್ತೆ ಮೇಲೆ ಹತ್ತಬೇಕು. ನನಗೆ ಭಯ ಆ ಎರಡು ಮಾರಿನದೇ.

ಬೆಂಗಳೂರಿಗೆ ಒಳ್ಳೆಯ ರಸ್ತೆ ಮಾಡಲು ಬರುವುದಿಲ್ಲವೆಂದಲ್ಲ. ಟೆಂಡರ್‌ಶ್ಯೂರ್ ಯೋಜನೆಯ ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಲ್ಲಿ ಕೇಬಲ್, ಪೈಪುಗಳು ನೆಲದಡಿ ಸೇರಿ ಅಗಲವಾದ ಕಾಲುದಾರಿ ಸಿಕ್ಕಿತು. ನಮ್ಮ ಬೀದಿಗೂ ಅದನ್ನೇ ಕೇಳೋಣ, ಆದರೆ ಲೆಕ್ಕ ಇಟ್ಟು ಕೇಳೋಣ.

ಮೊದಲು ಅಳೆಯಿರಿ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಂತೆ ಫುಟ್‌ಪಾತ್‌ನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲವಿರಬೇಕು, ಅಂಚಿನ ಕಲ್ಲು 15 ಸೆಂ.ಮೀ.ಗಿಂತ ಎತ್ತರ ಇರಬಾರದು. ಟೇಪ್ ಕಾಣುವಂತೆ ಫೋಟೊ ತೆಗೆಯಿರಿ. ಸಿಗ್ನಲ್ ಇದ್ದರೆ ಮನೆಯ ಹಿರಿಯರೊಬ್ಬರ ಜೊತೆ ದಾಟಿ, ಮೊಬೈಲಿನಲ್ಲಿ ಸೆಕೆಂಡ್ ಎಣಿಸಿ. ನಿಧಾನವಾಗಿ ನಡೆಯುವವರಿಗೆ 12 ಮೀಟರ್ ರಸ್ತೆ ದಾಟಲು 15 ಸೆಕೆಂಡ್ ಬೇಕಾಗುತ್ತದೆ. ಹಸಿರು ದೀಪ ಅಷ್ಟು ಹೊತ್ತು ಉರಿಯುತ್ತದೆಯೇ?

ಹಂಪ್ ಕೇಳುವ ಮುನ್ನ ಎರಡು ಸಲ ಯೋಚಿಸಿ. ಮಾನದಂಡದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಗಾಡಿ ಅದರ ಮೇಲೆ ಮೆಲ್ಲಗೆ ಏರಿ ಇಳಿಯುತ್ತದೆ. ರಾತ್ರೋರಾತ್ರಿ ಸುರಿದ, ಬಣ್ಣವಿಲ್ಲದ ಗುಡ್ಡೆ ಸ್ಕೂಟರ್ ಸವಾರರನ್ನು ಕೆಡವುತ್ತದೆ. ಶಾಲೆಯ ಮುಂದೆ ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದ ಜೀಬ್ರಾ ಪಟ್ಟೆ ಕೇಳುವುದು ಎಷ್ಟೋ ಮೇಲು.

ಇನ್ನು ಅರ್ಜಿ ಯಾರಿಗೆ? ನಾನು ಮೊದಲ ಸಲ ಎಲ್ಲವನ್ನೂ ಒಂದೇ ಕಾಗದದಲ್ಲಿ ಬರೆದು ಕೊಟ್ಟೆ. ‘ಇದು ನಮಗೆ ಬರೋದಿಲ್ಲ’ ಎಂಬ ಮಾತಿನಲ್ಲೇ ತಿಂಗಳುಗಳು ಕಳೆದವು. ಬಿಡಿಬಿಡಿಯಾಗಿ ಬರೆಯಿರಿ. ಫುಟ್‌ಪಾತ್, ಚರಂಡಿ, ಹಂಪ್ ನಗರ ಪಾಲಿಕೆಗೆ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಿವೆ, ನಿಮ್ಮದು ಯಾವುದೆಂದು ನೋಡಿಕೊಳ್ಳಿ. ಸಿಗ್ನಲ್ ಸಮಯ, ಅಡ್ಡಾದಿಡ್ಡಿ ಪಾರ್ಕಿಂಗ್ ಸಂಚಾರ ಪೊಲೀಸರಿಗೆ. ಟ್ರಾನ್ಸ್‌ಫಾರ್ಮರ್ ಬೆಸ್ಕಾಂಗೆ, ಮ್ಯಾನ್‌ಹೋಲ್ ಮುಚ್ಚಳ ಜಲಮಂಡಳಿಗೆ. ಪ್ರತಿ ಅರ್ಜಿಗೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ.

ಉತ್ತರ ಬರಲಿಲ್ಲವೇ? 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಒಂದೇ ವಿಷಯ, 150 ಪದಗಳೊಳಗೆ. ಕಾಮಗಾರಿ ಆದೇಶದ ಪ್ರತಿ, ಗುತ್ತಿಗೆದಾರರ ನಿರ್ವಹಣಾ ಅವಧಿ ಇವನ್ನು ಕೇಳಿ. 30 ದಿನಗಳಲ್ಲಿ ಉತ್ತರಿಸಬೇಕು. ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯ ಲೋಪದಿಂದ ಸಾವು ಇಲ್ಲವೇ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯ್ದೆಯ 198ಎ ಕಲಮಿನಲ್ಲಿ ಅವಕಾಶವಿದೆ. ಅರ್ಜಿಯಲ್ಲಿ ಅದನ್ನೂ ನೆನಪಿಸಿ.

ಕೆಲಸ ಶುರುವಾದ ದಿನವೇ ಮತ್ತೆ ಟೇಪ್ ಹಿಡಿದು ಹೋಗಿ. ಕಾಂಕ್ರೀಟ್ ಗಟ್ಟಿಯಾಗುವ ಮುಂಚೆಯೇ ಎಂಜಿನಿಯರ್‌ಗೆ ಅಳತೆ ತೋರಿಸಿ.