ತೋಟದ ಗೆರಟೆಯೂ ಊರಿನ ಡೆಂಗಿಯೂ

ಪ್ರಶ್ನೆ: ಬೆಳುವಾಯಿಯ ಓದುಗರೊಬ್ಬರ ಮನೆಯಲ್ಲಿ ಇಬ್ಬರಿಗೆ ಡೆಂಗಿ, ನೆರೆಯ ರಬ್ಬರ್ ತೋಟದವರು ಹಾಲು ಹಿಡಿಯುವ ಗೆರಟೆಗಳಲ್ಲಿ ನಿಂತ ಮಳೆನೀರನ್ನು ಚೆಲ್ಲುತ್ತಿಲ್ಲ. ಏನು ಮಾಡಬೇಕು?

ಉತ್ತರ: ಡೆಂಗಿ ಹರಡುವ ಈಡಿಸ್, ಅಂದರೆ ಹಗಲು ಕಚ್ಚುವ ಪಟ್ಟೆಗಾಲಿನ ಸೊಳ್ಳೆ, ಗೆರಟೆಯಷ್ಟು ನೀರಿನಲ್ಲೂ ಸುಮಾರು ವಾರದಲ್ಲಿ ಬೆಳೆಯುವುದರಿಂದ, ತಾವು ಮೊದಲು ಸ್ವಂತ ಅಂಗಳದ ಅಡಿಕೆ ಹಾಳೆ, ಟಯರುಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಬಳಿಕ ಆಶಾ ಕಾರ್ಯಕರ್ತೆಯ ಜತೆಗೂಡಿ ನೆರೆಯವರೊಡನೆ ಮಾತಾಡುವುದು ಒಳಿತು, ಒಂಟಿಯಾಗಿ ಹೋದರೆ ಅದು ಗಡಿ ತಕರಾರಾಗುವ ಸಂಭವವೇ ಹೆಚ್ಚು. ಫಲಿಸದಿದ್ದರೆ ಪಂಚಾಯತಿಗೆ ಲಿಖಿತ ದೂರು ಕೊಡಬಹುದು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಪಡಿಸಿದೆ. ಇನ್ನು ಮನೆಯ ರೋಗಿಗಳ ವಿಷಯ: ಡೆಂಗಿಯಲ್ಲಿ ಜ್ವರ ಇಳಿಯುವಾಗಲೇ ಅಪಾಯ ಹೆಚ್ಚು. ತೀವ್ರ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಬಾರದು.