ಬೋರ್ಡನ್ನು ಬೈಯಬೇಡಿ, ಪರೀಕ್ಷಿಸಿ

ಸೊಲ್ಲಾಪುರದ ಗಣೇಶ ಮಂಡಳಿಯಿರಲಿ, ಅಕ್ಕಲಕೋಟೆಯ ಓಣಿಯಿರಲಿ, ಕೇರಂನಲ್ಲಿ ಸೋತವರ ಬಾಯಲ್ಲಿ ಒಂದೇ ಮಾತು: "ಬೋರ್ಡೇ ಸರಿ ಇಲ್ಲ." ಟೂರ್ನಮೆಂಟ್ ಗೆಲ್ಲಬೇಕೆ? ಮೊದಲು ಈ ಚಟ ಬಿಡಿ. ಯಾವ ಸವೆತ ಸಹಜ, ಯಾವುದು ಅಪಾಯ ಅನ್ನುವುದನ್ನು ಕಲಿಯಿರಿ.

1. ಕಲೆಗೆ ಹೆದರಬೇಡಿ. ಬೇಸ್‌ಲೈನ್ ಮಾಸುತ್ತದೆ, ನಡುವಿನ ವೃತ್ತ ಕಪ್ಪಾಗುತ್ತದೆ, ಸಣ್ಣ ಗೀರುಗಳು ಬೀಳುತ್ತವೆ. ಉಗುರಿಗೆ ತಗಲದ ಗೀರು ಆಟ ಕೆಡಿಸುವುದಿಲ್ಲ.

2. ಸ್ಟ್ರೈಕರ್‌ನಿಂದಲೇ ಟೆಸ್ಟ್ ಮಾಡಿ. ಅಂತರರಾಷ್ಟ್ರೀಯ ನಿಯಮ ಸರಳ: 15 ಗ್ರಾಂ ಸ್ಟ್ರೈಕರ್‌ಗೆ ಜೋರಾಗಿ ಹೊಡೆದರೆ ಅದು ಅತ್ತಿಂದಿತ್ತ ಕನಿಷ್ಠ ಮೂರೂವರೆ ಸಲ ಓಡಬೇಕು. ಆಮೇಲೆ ಮೆಲ್ಲಗೆ ಹೊಡೆಯಿರಿ. ಕೊನೆಯ ಗೇಣಿನಲ್ಲಿ ಪಕ್ಕಕ್ಕೆ, ಕಿಟಕಿಯ ಕಡೆಗೆ ಅಂದುಕೊಳ್ಳಿ, ಜಾರಿತೇ? ಬೋರ್ಡನ್ನು ಅರ್ಧ ಸುತ್ತು ತಿರುಗಿಸಿಟ್ಟು ಅದೇ ದಾರಿಯಲ್ಲಿ ಮತ್ತೆ ಹೊಡೆಯಿರಿ. ಮೊದಲಿನಂತೆ ಕಿಟಕಿಯ ಕಡೆಗೇ ಜಾರಿದರೆ ಮೇಜು ಓರೆ. ಕಾಲಿನಡಿ ರಟ್ಟು ಇಡಿ, ಮುಗಿಯಿತು. ಬೋರ್ಡಿನ ಜೊತೆಗೆ ಜಾರುವ ದಿಕ್ಕೂ ತಿರುಗಿದರೆ ಪ್ಲೈ ಬಾಗಿದೆ. ಈಗ ಚಿಂತಿಸಿ.

3. ಪಾಕೆಟ್ ಅಂಚು ತಡವಿ ನೋಡಿ. ಪ್ಲೈ ಉಬ್ಬಿದೆಯೇ, ಪದರ ಎದ್ದಿದೆಯೇ? ಬೆರಳ ಗೆಣ್ಣಿನಿಂದ ತಟ್ಟಿ. ಒಂದೇ ಕಡೆ ಪೊಳ್ಳು ಸದ್ದು ಬಂದರೆ ಪದರ ಬಿಟ್ಟಿರುವ ಸಾಧ್ಯತೆ ಹೆಚ್ಚು. ಇದಕ್ಕೆ ಎಷ್ಟು ಪೌಡರ್ ಸುರಿದರೂ ಉಪಯೋಗವಿಲ್ಲ.

4. ನಾಲ್ಕೂ ಕಡೆಯ ರೀಬೌಂಡ್ ಹೋಲಿಸಿ. ಒಂದು ಕಡೆ ಮಾತ್ರ ಮಂದವಾದರೆ ಆ ಕಡೆಯ ಚೌಕಟ್ಟಿನ ಸ್ಕ್ರೂ ಬಿಗಿ ಮಾಡಿ.

5. ಪೌಡರ್ ಚಿಟಿಕೆಯಷ್ಟೇ ಹಾಕಿ. ಬೋರಿಕ್ ಪೌಡರ್ ಸಾಕು. ಮುಖಕ್ಕೆ ಹಚ್ಚುವ ಪೌಡರ್ ಬೇಡ. ಆಟ ಮುಗಿದ ಮೇಲೆ ಒಣ ಬಟ್ಟೆಯಿಂದ ಒರೆಸಿ. ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ, ಪ್ಲೈಗೆ ನೀರೇ ದೊಡ್ಡ ಶತ್ರು.

6. ಬಿಸಿಲಿನಿಂದ ಕಾಪಾಡಿ. ನಮ್ಮ ಕಡೆ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಹಿಂದೆಯೇ ಮಳೆಯ ತೇವ. ಪ್ಲೈ ಕುಗ್ಗುತ್ತದೆ, ಹಿಗ್ಗುತ್ತದೆ. ತಿಂಗಳುಗಟ್ಟಲೆ ಗೋಡೆಗೆ ಒರಗಿಸಬೇಡಿ, ಸಮತಟ್ಟಾಗಿ ಮಲಗಿಸಿ. ಹಳೇ ಚಾದರ ಹೊದಿಸಿ. (ಸೊಲ್ಲಾಪುರದಲ್ಲಿ ಚಾದರಕ್ಕೇನು ಬರ!)

7. ಬಾಗಿದ ಬೋರ್ಡಿಗೆ ದುಡ್ಡು ಸುರಿಯಬೇಡಿ. ಪಾಲಿಶ್ ಮಾಡಿಸಿದರೆ ಹೊಳಪು ಬರುತ್ತದೆ, ಬಾಗು ಹೋಗುವುದಿಲ್ಲ. ಮಂಡಳಿಯಲ್ಲಿ ವರ್ಗಣಿ ಕೂಡಿಸಿ ಹೊಸದನ್ನೇ ಕೊಳ್ಳಿ. ಪ್ಲೈ 8 ಮಿ.ಮೀ.ಗಿಂತ ತೆಳ್ಳಗಿದ್ದರೆ, ಅಂಗಡಿಯವರು ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ ಅನ್ನಿ.